‘ಕ್ಯಾಮೆರಾ’ ಪದದ ಬೇರನ್ನು ಹುಡುಕುವ ಬಗೆ

ಬೆಂಗಳೂರಿನ ನ್ಯಾಯಾಲಯದಲ್ಲಿ ಪ್ರಕರಣವೊಂದರ ವಿಚಾರಣೆ ‘ಇನ್ ಕ್ಯಾಮೆರಾ’ ನಡೆಯಿತೆಂದು ಪತ್ರಿಕೆಯಲ್ಲಿ ಓದಿ, ಅದನ್ನು ಚಿತ್ರೀಕರಿಸಿದರೆಂದು ಭಾವಿಸುವವರುಂಟು. ನಿಜಕ್ಕೂ ಅದು ಸಾರ್ವಜನಿಕರನ್ನು ಹೊರಗಿಟ್ಟು, ಮುಚ್ಚಿದ ಕೋಣೆಯಲ್ಲಿ ನಡೆಸುವ ವಿಚಾರಣೆ. ಈ ಕೋಣೆಯಿಂದಲೇ ಹುಡುಕಾಟವನ್ನು ಆರಂಭಿಸಬಹುದು.

ಮೊದಲು ಪದದ ಇಂದಿನ ಬಳಕೆಯನ್ನು ಬರೆದುಕೊಳ್ಳಿ. ಇಟಾಲಿಯನ್ನಿನ ‘ಕಾಮೆರ’ ಎಂದರೆ ಮಲಗುವ ಕೋಣೆ, ಹೋಟೆಲಿನ ಕೋಣೆ. ಫೋಟೊ ತೆಗೆಯುವ ಉಪಕರಣಕ್ಕೆ ಅಲ್ಲಿ ‘ಮಾಕಿನ ಫೋಟೊಗ್ರಾಫಿಕ’ ಎಂಬ ಹೆಸರಿದೆ. ಸ್ಪ್ಯಾನಿಷ್‌ನ ‘ಕಾಮರ’ ಆ ಉಪಕರಣಕ್ಕೂ ಶಾಸನಸಭೆಯ ಸದನಕ್ಕೂ ಸಲ್ಲುತ್ತದೆಯಾದರೂ ಮನೆಯ ಸಾಮಾನ್ಯ ಕೋಣೆಗೆ ‘ಅಬಿತಸಿಯೊನ್’ ಎನ್ನುತ್ತಾರೆ.

ಬಳಿಕ ಲ್ಯಾಟಿನ್ ನಿಘಂಟನ್ನು ತೆರೆಯಿರಿ. ಅಲ್ಲಿ ‘ಕಮೆರ’ ಎಂದರೆ ಕಮಾನಿನಾಕಾರದ ಛಾವಣಿ. ಗ್ರೀಕಿನ ‘ಕಮಾರ’ದಿಂದ ಬಂದ ಈ ಪದ ಕ್ರಮೇಣ ಆ ಛಾವಣಿಯ ಕೆಳಗಿನ ಕೋಣೆಯನ್ನೂ ಸೂಚಿಸತೊಡಗಿತು. ಕನ್ನಡಿಗರು ಎಡವುವುದು ಇಲ್ಲಿಯೇ. ನಮ್ಮ ‘ಕಮಾನು’ ಕೂಡ ಇದರ ನೆಂಟನೆಂದು ಹೇಳುವ ಆಸೆ ಯಾರಿಗಾದರೂ ಆದೀತು, ಆದರೆ ಅದು ಬಿಲ್ಲು ಎಂಬರ್ಥದ ಪರ್ಷಿಯನ್ ಪದ. ಅದಕ್ಕೆ ವಿರುದ್ಧವಾಗಿ, ಶಿವಾಜಿನಗರದ ಉರ್ದು ಮಾತಿನಲ್ಲಿ ಕೇಳಿಬರುವ ‘ಕಮ್ರಾ’ ಪೋರ್ಚುಗೀಸರ ಮೂಲಕ ಇದೇ ಲ್ಯಾಟಿನ್ ಪದದಿಂದ ಇಳಿದು ಬಂದಿದೆ.

ಆದ್ದರಿಂದ ಧ್ವನಿ ಬದಲಾವಣೆಯು ನಿಯಮಬದ್ಧವಾಗಿದೆಯೇ ಎಂಬುದನ್ನು ಪರೀಕ್ಷಿಸದೆ ಸಂಬಂಧ ಕಲ್ಪಿಸಬೇಡಿ. ಲ್ಯಾಟಿನ್ನಿನ ‘ಕ’ಕಾರ ಇಟಾಲಿಯನ್ ಮತ್ತು ಸ್ಪ್ಯಾನಿಷ್‌ನಲ್ಲಿ ಹಾಗೆಯೇ ಉಳಿದರೆ, ಫ್ರೆಂಚ್‌ನಲ್ಲಿ ‘ಶ’ಕಾರವಾಗುತ್ತದೆ: ಹಾಡು ಎಂಬರ್ಥದ ‘ಕಂತಾರೆ’ ಅಲ್ಲಿ ‘ಶಾಂತೆ’ ಆದಂತೆ, ‘ಕಮೆರ’ ಅಲ್ಲಿ ‘ಶಾಂಬ್ರ್’ ಆಯಿತು. ಇಂಗ್ಲಿಷಿನ ‘ಚೇಂಬರ್’ ಹಳೆಯ ಫ್ರೆಂಚ್‌ನ ಕೊಡುಗೆ.

ಕೊನೆಗೆ ಅರ್ಥ ಕವಲೊಡೆದ ಜಾಗಗಳನ್ನು ಗುರುತಿಸಿ. ಸಣ್ಣ ರಂಧ್ರದಿಂದ ಹೊರಗಿನ ದೃಶ್ಯವು ತಲೆಕೆಳಗಾಗಿ ಗೋಡೆಯ ಮೇಲೆ ಮೂಡುವ ಕತ್ತಲ ಕೋಣೆಯನ್ನು ಖಗೋಳವಿಜ್ಞಾನಿ ಯೊಹಾನೆಸ್ ಕೆಪ್ಲರ್ 1604ರಲ್ಲಿ ‘ಕಮೆರ ಒಬ್ಸ್ಕೂರ’ ಎಂದು ಕರೆದನು. ಮುಂದೆ ‘ಕತ್ತಲ’ ಎಂಬ ವಿಶೇಷಣ ಉದುರಿ, ಕೋಣೆಯ ಹೆಸರು ಉಪಕರಣಕ್ಕೆ ಅಂಟಿಕೊಂಡಿತು. ವಿಧಾನಸಭೆ, ವಿಧಾನ ಪರಿಷತ್ತುಗಳೆರಡೂ ಇರುವ ನಮ್ಮ ಶಾಸಕಾಂಗವನ್ನು ಇಂಗ್ಲಿಷಿನಲ್ಲಿ ‘ಬೈಕ್ಯಾಮೆರಲ್’ ಎನ್ನುವುದೂ ಈ ಕೋಣೆಯಿಂದಲೇ. ಫ್ರೀಡಂ ಪಾರ್ಕಿನ ಪ್ರತಿಭಟನೆಗಳಲ್ಲಿ ಕೇಳಿಬರುವ ‘ಕಾಮ್ರೇಡ್’ ಸ್ಪ್ಯಾನಿಷ್‌ನ ‘ಕಮರಾದ’ದಿಂದ ಬಂದದ್ದು, ಮೂಲದಲ್ಲಿ ಅದರ ಅರ್ಥ, ಒಂದೇ ಕೋಣೆಯನ್ನು ಹಂಚಿಕೊಂಡವನು.