ಬಿಸಿಲು ಇಳಿದ ಮೇಲೆ ಕಂಪ್ಯೂಟರ್ ಬಂದ್

ಪರೀಕ್ಷೆ ಮುಗಿದು ರಜೆ ಬಂತೆಂದರೆ ಕಲಬುರಗಿಯ ಮನೆಗಳಲ್ಲಿ ಕಂಪ್ಯೂಟರ್‌ಗೂ ಪುರುಸೊತ್ತಿಲ್ಲ. ಮಕ್ಕಳನ್ನು ಹೊರಗೆ ಆಡಲು ಬಿಡಿ ಎಂಬ ಸಲಹೆ ಬೆಂಗಳೂರಿಗೆ ಸರಿ, 40 ಡಿಗ್ರಿ ದಾಟುವ ಇಲ್ಲಿನ ಮಧ್ಯಾಹ್ನಕ್ಕೆ ಅದು ಹೊಂದುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು 1.30ಕ್ಕೆ ಮುಚ್ಚುವ ಊರಿದು. ಆದ್ದರಿಂದ ಮಕ್ಕಳಿಗೆ ಕಂಪ್ಯೂಟರ್ ಯಾವ ಹೊತ್ತಿನಲ್ಲಿ ಎಂಬುದನ್ನು ಮೊದಲು ಗೊತ್ತುಮಾಡಿ, ಎಷ್ಟು ಹೊತ್ತು ಎಂಬುದು ಆಮೇಲೆ. ಬಿಸಿಲು ಸುಡುವಾಗ ಕಂಪ್ಯೂಟರ್ ತೆರೆದಿರಲಿ, ಸಂಜೆ ಐದೂವರೆಗೆ ಬಂದ್ ಆಗಲಿ. ಅಪ್ಪನ ಕೆರೆಯ ಕಡೆಗೋ ಓಣಿಯ ಕ್ರಿಕೆಟ್ಟಿಗೋ ಆಗ ಹೊತ್ತು ಸಿಗುತ್ತದೆ.

ಮೊದಲ ಕೆಲಸ, ಮಗುವಿಗೆ ಬೇರೆ ಅಕೌಂಟ್. ಎಲ್ಲರೂ ಒಂದೇ ಅಕೌಂಟ್ ಬಳಸುವ ಮನೆಯಲ್ಲಿ ಮುಂದಿನ ಯಾವ ಹೆಜ್ಜೆಯೂ ನಡೆಯದು. ವಿಂಡೋಸ್ 10 ಅಥವಾ 11ರಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಅಕೌಂಟ್ಸ್, ಅಲ್ಲಿಂದ ಫ್ಯಾಮಿಲಿ ವಿಭಾಗಕ್ಕೆ ಹೋಗಿ ಮಗುವಿನ ಇಮೇಲ್ ಸೇರಿಸಿ. ಇಮೇಲ್ ಇಲ್ಲದಿದ್ದರೆ ಅಲ್ಲೇ ಹೊಸದು ಮಾಡಬಹುದು. ನಿಮ್ಮದು ಎಲ್ಲ ಸೆಟ್ಟಿಂಗ್ ಬದಲಿಸಬಲ್ಲ ಅಡ್ಮಿನಿಸ್ಟ್ರೇಟರ್ ಅಕೌಂಟ್, ಮಗುವಿನದು ಆ ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಆಗಿರಬೇಕು. ಸ್ಟ್ಯಾಂಡರ್ಡ್ ಆದರೆ ಕಂಪ್ಯೂಟರ್‌ನ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸುವ ಜಾಣತನ ನಡೆಯುವುದಿಲ್ಲ. ಮಗು ಈತನಕ ಬಳಸುತ್ತಿದ್ದ ಹಳೆಯ ಅಕೌಂಟ್ ಇದ್ದರೆ ಫೈಲುಗಳನ್ನು ಹೊಸದಕ್ಕೆ ಸಾಗಿಸಿ ಅದನ್ನು ತೆಗೆದುಬಿಡಿ.

ನಿಮ್ಮ ಪಾಸ್‌ವರ್ಡ್ ಗುಟ್ಟಾಗಿರಲಿ. ಕ್ಯಾಲೆಂಡರ್ ಹಿಂದೆ ಬರೆದಿಟ್ಟದ್ದು ಗುಟ್ಟಲ್ಲ. ಮುತ್ಯಾಗೆ ಗೊತ್ತಿದ್ದರೆ ಮೊಮ್ಮಗನಿಗೂ ಗೊತ್ತು ಎಂದೇ ತಿಳಿಯಿರಿ.

ಇನ್ನು ಮಕ್ಕಳ ಕಂಪ್ಯೂಟರ್ ಸಮಯಕ್ಕೆ ಮಿತಿ ಹಾಕುವ ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ ತೆರೆಯಿರಿ. ಮೊಬೈಲ್ ಆ್ಯಪ್ ಆದರೂ ಸರಿ, ಬ್ರೌಸರ್ ಆದರೂ ಸರಿ. ಮಗುವಿನ ಹೆಸರು ಒತ್ತಿ ಸ್ಕ್ರೀನ್ ಟೈಮ್‌ಗೆ ಹೋದರೆ ವಾರದ ಏಳೂ ದಿನ ಕಾಣುತ್ತವೆ. ಪ್ರತಿ ದಿನಕ್ಕೂ ಎರಡು ಲೆಕ್ಕ: ಒಟ್ಟು ಎಷ್ಟು ಗಂಟೆ, ಎಷ್ಟರಿಂದ ಎಷ್ಟರವರೆಗೆ. ರಜೆಯಲ್ಲಿ ಮಧ್ಯಾಹ್ನ 1ರಿಂದ 5.30ರ ನಡುವೆ ಒಟ್ಟು ಎರಡು ಗಂಟೆ ಎಂದು ಕೊಟ್ಟರೆ, ಆ ಎರಡು ಗಂಟೆಯನ್ನು ಹೇಗೆ ಹಂಚಿಕೊಳ್ಳಬೇಕೆಂಬುದು ಮಗುವಿಗೆ ಬಿಟ್ಟದ್ದು. ನನ್ನ ಪ್ರಕಾರ ಈ ಸ್ವಾತಂತ್ರ್ಯ ಇಲ್ಲದಿದ್ದರೆ ಜಗಳ ತಪ್ಪಿದ್ದಲ್ಲ. ನಡುವೆ ಕರೆಂಟ್ ಹೋದರೂ ಐದೂವರೆಗೆ ಬಾಗಿಲು ಮುಚ್ಚುತ್ತದೆ, ಅಂಥ ದಿನ ಅರ್ಧ ಗಂಟೆ ಹೆಚ್ಚು ಕೊಡುವುದು ನ್ಯಾಯ.

ಅವಧಿ ಮುಗಿಯುವ ಮುಂಚೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಮಗು ಹೆಚ್ಚು ಸಮಯ ಕೇಳಿದರೆ ಆ ಕೋರಿಕೆ ನಿಮಗೆ ತಲುಪುತ್ತದೆ. ‘ಇನ್ನ ಐದ ಮಿನಿಟ್ ಅಷ್ಟೇ ಪಪ್ಪಾ’ ಎಂಬುದಕ್ಕೆ ಪ್ರತಿಸಲ ಹೂಂ ಎಂದರೆ ಇಷ್ಟೆಲ್ಲ ಮಾಡಿದ್ದು ದಂಡ. ಎಲ್ಲ ಮುಗಿದ ಮೇಲೆ, ಬಂದ್ ಇರುವ ಹೊತ್ತಿನಲ್ಲಿ ಮಗುವಿನ ಅಕೌಂಟ್‌ಗೆ ನೀವೇ ಒಮ್ಮೆ ಹೋಗಿ ನೋಡಿ, ಒಳಗೆ ಬಿಡಬಾರದು. ಹೊಸ ನಿಯಮ ಕಂಪ್ಯೂಟರ್‌ಗೆ ತಲುಪಲು ಇಂಟರ್‌ನೆಟ್ ಬೇಕು.

ವಿಂಡೋಸ್ ಬದಲು ಉಬುಂಟು ಇರುವವರು ಇದೇ ಕೆಲಸಕ್ಕೆ ಟೈಮ್‌ಕೆಪಿಆರ್-ನೆಕ್ಸ್ಟ್ ಎಂಬ ತಂತ್ರಾಂಶ ಹಾಕಿಕೊಳ್ಳಬಹುದು, ಖರ್ಚಿಲ್ಲ. ವಿಂಡೋಸ್‌ನ ಹಳೆಯ ನೆಟ್ ಯೂಸರ್ ಕಮಾಂಡ್‌ನಿಂದಲೂ ಗಂಟೆ ಗೊತ್ತುಮಾಡಬಹುದು, ಆದರೆ ಅದು ಹೊಸದಾಗಿ ಒಳಬರುವವರನ್ನು ತಡೆಯುತ್ತದೆ, ಆಗಲೇ ಒಳಗೆ ಕೂತವರನ್ನು ಎಬ್ಬಿಸುವುದಿಲ್ಲ.

ಶಾಲೆ ಶುರುವಾದಾಗ ಈ ವೇಳಾಪಟ್ಟಿ ಬದಲಾಗಬೇಕು. ಶಾಲೆಯ ದಿನಗಳಿಗೆ ಹೋಂವರ್ಕ್ ಮುಗಿದ ಮೇಲಿನ ಒಂದು ಗಂಟೆ, ಭಾನುವಾರಕ್ಕೆ ಬೇರೆ. ಕಂಪ್ಯೂಟರ್ ಬಂದ್ ಆದ ಕೂಡಲೇ ಕೈ ಮೊಬೈಲ್ ಹುಡುಕುತ್ತದೆ, ಮಗುವಿಗೆ ಸ್ವಂತ ಆಂಡ್ರಾಯ್ಡ್ ಫೋನ್ ಇದ್ದರೆ ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್‌ನಲ್ಲೂ ಅದೇ ದಿನ ಮಿತಿ ಹಾಕಿಬಿಡಿ.