ಒಂಬತ್ತನೇ ದಿನದ ಕುಸಿತ: ಕೀನ್ಯಾ ಮಿಷನ್ ಟ್ರಿಪ್‌ನಲ್ಲಿ ತಂಡದ ಮನಸ್ಸು ಹಿಡಿದ ಬಗೆ

ನಾಲ್ಕನೇ ಸಲಕ್ಕೆ ಕೈ ಹತ್ತಿತು. ನಮ್ಮ ಚರ್ಚಿನ ಹನ್ನೆರಡು ಜನ, ಹದಿನೆಂಟು ದಿನ, ಪಶ್ಚಿಮ ಕೀನ್ಯಾದ ಕಾಕಮೆಗಾ ಕಡೆ. ಒಬ್ಬರೂ ಮಧ್ಯದಲ್ಲಿ ಟಿಕೆಟ್ ಬದಲಿಸಿಕೊಡಿ ಅನ್ನಲಿಲ್ಲ, ವಾಪಸ್ ಬಂದ ಮೇಲೆ ಒಬ್ಬರೂ ಯುವಜನ ಕೂಟಕ್ಕೆ ಬರೋದು ಬಿಡಲಿಲ್ಲ. ಹಿಂದಿನ ಮೂರು ಸಲವೂ ಈ ಎರಡರಲ್ಲಿ ಒಂದಾದರೂ ಆಗಿತ್ತು. ‘ಮನಸ್ಸು ಕುಗ್ಗಿದರೆ ಮೊಣಕಾಲೂರಬೇಕು, ಅದಕ್ಕೊಂದು ನೋಟ್‌ಬುಕ್ಕು, ಟೈಂಟೇಬಲ್ಲು ಯಾಕಪ್ಪಾ’ ಅಂದಿದ್ದ ಹಿರಿಯರೇ ಈಗ ಆ ನೋಟ್‌ಬುಕ್ಕಿನ ಜೆರಾಕ್ಸ್ ಕೇಳುತ್ತಿದ್ದಾರೆ. ಕೊಡುತ್ತೇನೆ. ಎಲ್ಲ ಪುಟವನ್ನೂ ಅಲ್ಲ.

ಇ-ಟಿಎ (ಕೀನ್ಯಾದ ಆನ್‌ಲೈನ್ ಪ್ರವೇಶ ಅನುಮತಿ), ಲಗೇಜು, ವಿಬಿಎಸ್ (ಮಕ್ಕಳ ರಜೆಯ ಬೈಬಲ್ ಶಾಲೆ) ಪಾಠ, ಕಿರುನಾಟಕ ಇವೆಲ್ಲ ತಂಡ ಕರೆದುಕೊಂಡು ಹೋದವರಿಗೆ ಗೊತ್ತಿರುವುದೇ. ಏರ್‌ಪೋರ್ಟಿನಲ್ಲಿ ಹಾಡಿಕೊಂಡು ಹೋದವರು ಎರಡನೇ ವಾರ ಯಾಕೆ ಮುಖ ಗಂಟು ಹಾಕಿಕೊಂಡು ಕೂರುತ್ತಾರೆ, ಅದನ್ನು ಎರಡು ದಿನ ಮುಂಚೆ ಹಿಡಿಯುವುದು ಹೇಗೆ, ಅಷ್ಟೇ ಇಲ್ಲಿನ ವಿಷಯ.

ಏರಿಳಿತದ ಲೆಕ್ಕ ಹೆಚ್ಚುಕಮ್ಮಿ ಪ್ರತಿ ಸಲವೂ ಒಂದೇ. ಮೊದಲ ಮೂರು ದಿನ ಎಲ್ಲವೂ ಚೆಂದ. ನಾಲ್ಕು, ಐದನೇ ದಿನ ಒಂದು ಸಣ್ಣ ಇಳಿತ. ಅದು ಹೊಟ್ಟೆಯದು, ಮನಸ್ಸಿನದಲ್ಲ. ಎಂಟರಿಂದ ಹತ್ತನೇ ದಿನದೊಳಗೆ ದೊಡ್ಡ ಕುಸಿತ. ಹನ್ನೆರಡಕ್ಕೆ ತಾನಾಗಿ ಏಳುತ್ತದೆ. ಕೊನೆಯ ಎರಡು ದಿನ ಬೇಕಾದ್ದಕ್ಕಿಂತ ಎತ್ತರಕ್ಕೆ ಹೋಗುತ್ತದೆ, ಅಪಾಯ ಇರುವುದು ಅಲ್ಲೇ. ಎಲ್ಲಕ್ಕಿಂತ ಕೆಳಗಿನ ದಿನ ಬರುವುದು ಕೀನ್ಯಾದಲ್ಲಲ್ಲ, ಮನೆಗೆ ಬಂದು ಒಂದು ವಾರ ಕಳೆದ ಮೇಲೆ. ಮೊದಲ ಮೂರು ಟ್ರಿಪ್ಪಿನಲ್ಲಿ ಈ ಕೊನೆಯದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮೊದಲು ಮಾತ್ರೆಯ ವಿಷಯ, ಏಕೆಂದರೆ ದೊಡ್ಡ ತಪ್ಪು ಆಗಿದ್ದು ಅಲ್ಲೇ. ಕಾಕಮೆಗಾ ಮಲೇರಿಯಾ ಇರುವ ಕಡೆ. ವಾರಕ್ಕೊಂದೇ ಮಾತ್ರೆ, ಮರೆಯುವುದಿಲ್ಲ ಅಂತ ಮೊದಲ ಸಲ ಮೆಫ್ಲೋಕ್ವಿನ್ ಕೊಡಿಸಿದೆವು. ಆ ಮಾತ್ರೆ ಕೆಲವರಿಗೆ ಕೆಟ್ಟ ಕನಸು, ದಿಗಿಲು, ಮಂಕು ತರುತ್ತದೆ. ಅಮೆರಿಕದ ಔಷಧ ಇಲಾಖೆ 2013ರಲ್ಲೇ ಅದರ ಮೇಲೆ ಅತಿ ಗಟ್ಟಿಯಾದ ಎಚ್ಚರಿಕೆ ಹಾಕಿಸಿದೆ. ನಮ್ಮಲ್ಲಿ ಇಬ್ಬರು ರಾತ್ರಿ ಕಿರುಚಿಕೊಂಡು ಏಳುತ್ತಿದ್ದರು. ಆತ್ಮಿಕ ಹೋರಾಟ ಅಂದುಕೊಂಡು ತಂಡವೆಲ್ಲ ಸುತ್ತ ಕೂತು ಎರಡು ರಾತ್ರಿ ಪ್ರಾರ್ಥನೆ ಮಾಡಿತು. ಇದ್ದಬದ್ದ ನಿದ್ದೆಯೂ ಹೋಯಿತು, ಮೂರನೇ ದಿನಕ್ಕೆ ಆ ಸಲದ ಹನ್ನೊಂದು ಜನವೂ ಕುಸಿದರು. ಪ್ರಾರ್ಥನೆ ಬೇಡ ಅನ್ನುತ್ತಿಲ್ಲ, ಮಾತ್ರೆಯ ಡಬ್ಬಿಯೊಳಗಿನ ಚೀಟಿಯನ್ನು ಮೊದಲು ಓದಿ ಅನ್ನುತ್ತಿದ್ದೇನೆ.

ಎರಡನೇ ಸಲದಿಂದ ಡಾಕ್ಟರರ ಮಾತಿನಂತೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೊಂದು. ಹೊರಡುವ ಎರಡು ದಿನ ಮುಂಚೆ ಶುರು, ವಾಪಸ್ ಬಂದ ಮೇಲೂ 28 ದಿನ. ಒಬ್ಬರಿಗೆ 48 ಮಾತ್ರೆ. ಬಿದ್ದುಹೋಗಲಿಕ್ಕೆ, ವಾಂತಿಯಾಗಲಿಕ್ಕೆ ಎರಡು ಸೇರಿಸಿ 50. ಖರ್ಚು ಒಬ್ಬರಿಗೆ ಇನ್ನೂರು ಮುನ್ನೂರು ರೂಪಾಯಿ. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ನುಂಗಿ ತಕ್ಷಣ ಮಲಗಿದರೆ ಎದೆ ಉರಿಯುತ್ತದೆ, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಹಾಗಾಗಿ ರಾತ್ರಿಯ ಮಾತ್ರೆಯನ್ನು ಬೆಳಗಿನ ತಿಂಡಿ ಮುಗಿದ ಮೇಲಕ್ಕೆ ತಂದೆವು, ಒಂದು ಲೋಟ ತುಂಬ ನೀರಿನ ಜೊತೆ. ನಾಲ್ಕನೇ ದಿನದ ಇಳಿತ ಅರ್ಧಕ್ಕರ್ಧ ಅಲ್ಲೇ ಹೋಯಿತು.

ಎರಡನೆಯದು ನಿದ್ದೆ. ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ಆರಕ್ಕೆ ಏಳುವವನಿಗೆ ಅಲ್ಲಿ ಮೂರೂವರೆಗೆ ಕಣ್ಣು ಬಿಡುತ್ತದೆ, ಸಂಜೆ ಏಳೂವರೆಗೆ ತೂಕಡಿಕೆ. ಅದು ಮೂರು ದಿನದಲ್ಲಿ ಸರಿಹೋಗುವಂಥದ್ದು. ಸರಿಹೋಗದಂತೆ ಮಾಡುವುದು ‘ಕೆಶಾ’, ಅಂದರೆ ಶುಕ್ರವಾರದ ಅಹೋರಾತ್ರಿ ಪ್ರಾರ್ಥನೆ. ಅಲ್ಲಿನವರು ಬೆಳಗಿನ ಜಾವದವರೆಗೆ ಕುಣಿದು ಹಾಡಿ ಶನಿವಾರ ಜೋಳದ ಹೊಲಕ್ಕೂ ಹೋಗುತ್ತಾರೆ. ನಮ್ಮ ಹುಡುಗರಿಗೆ ಒಂದು ಕೆಶಾ ಮೂರು ದಿನವನ್ನು ತಿನ್ನುತ್ತದೆ. ಕರೆದಾಗ ಬರುವುದಿಲ್ಲ ಅನ್ನುವ ಹಾಗಿಲ್ಲ. ಈಗಿನ ಕ್ರಮ: ಇಡೀ ತಂಡ ಹೋಗಿ ಎರಡು ಹಾಡು ಹಾಡಿ ಒಂಬತ್ತಕ್ಕೆ ಎದ್ದು ಬರುವುದು, ನಾಲ್ವರು ಮಾತ್ರ ಮಧ್ಯರಾತ್ರಿಯವರೆಗೆ ಕೂರುವುದು. ಆ ನಾಲ್ವರಿಗೆ ಮಾರನೆಯ ಬೆಳಿಗ್ಗೆ ಡ್ಯೂಟಿ ಇಲ್ಲ. ಅಲ್ಲಿನ ಪಾಸ್ಟರಿಗೆ ಇದನ್ನು ಬೆಂಗಳೂರಿಂದಲೇ ಫೋನಿನಲ್ಲಿ ಹೇಳಿಟ್ಟಿರಬೇಕು. ಅವತ್ತೇ ಹೇಳಿದರೆ ಅವರಿಗೆ ನೋವಾಗುತ್ತದೆ.

ಇನ್ನು ನೋಟ್‌ಬುಕ್ಕು. ನಲವತ್ತು ರೂಪಾಯಿಯ ಉದ್ದ ಪುಸ್ತಕ, ಒಂದು ದಿನಕ್ಕೊಂದು ಪುಟ. ತಿಂಡಿಗೆ ಮುಂಚೆ ಪ್ರತಿಯೊಬ್ಬರೂ ಬರೆಯುವುದು ಮೂರು ಅಂಕೆ: ಎಷ್ಟು ಗಂಟೆ ನಿದ್ದೆ, ಹೊಟ್ಟೆ ಹೇಗೆ (ಸರಿ ಇದ್ದರೆ 0, ತೊಳಸುತ್ತಿದ್ದರೆ 1, ಓಡಾಟವಿದ್ದರೆ 2), ಮನಸ್ಸಿಗೆ ಹತ್ತಕ್ಕೆ ಎಷ್ಟು. ಮೂರನೇ ಅಂಕೆ ಸುಳ್ಳು ಹೇಳುತ್ತದೆ. ಚರ್ಚಿನ ಹುಡುಗರು ‘ದೇವರ ಸೇವೆಯಲ್ಲಿ ಐದು’ ಅಂತ ಬರೆಯಲು ನಾಚುತ್ತಾರೆ, ಎಲ್ಲರೂ ಎಂಟು. ಹಾಗಾದರೆ ಅದು ಯಾಕೆ? ಅದನ್ನು ಕೇಳಿದರೆ ಮಾತ್ರ ಮೊದಲೆರಡನ್ನು ನಿಜ ಬರೆಯುತ್ತಾರೆ. ನೋಡಬೇಕಾದ್ದು ನಿದ್ದೆಯ ಸಾಲು. ಎರಡು ರಾತ್ರಿ ಒಟ್ಟು ಹತ್ತು ಗಂಟೆ ದಾಟದಿದ್ದರೆ ಮೂರನೇ ದಿನ ಆ ವ್ಯಕ್ತಿ ಯಾವುದೋ ಬಕೆಟ್ಟಿನ ವಿಷಯಕ್ಕೆ ಜಗಳ ತೆಗೆಯುತ್ತಾನೆ. ಹತ್ತರಲ್ಲಿ ಎಂಟು ಸಲ ಸರಿಬಂದಿದೆ. ಮನಸ್ಸಿಗೆ ಸತತವಾಗಿ ಹತ್ತು, ಹತ್ತು, ಹತ್ತು ಬರೆಯುವವರ ಮೇಲೂ ಒಂದು ಕಣ್ಣಿರಲಿ. ಮೂರನೇ ಟ್ರಿಪ್ಪಿನಲ್ಲಿ ಮಧ್ಯದಲ್ಲಿ ವಾಪಸ್ ಬಂದವರ ಹೆಸರಿನ ಮುಂದೆ ಏಳು ದಿನವೂ ಹತ್ತೇ ಇತ್ತು.

ನಿದ್ದೆ ಕಡಿಮೆಯಾದವರಿಗೆ ಬುದ್ಧಿವಾದ ಬೇಡ. ಬೈಬಲಿನ ಮೊದಲನೇ ಅರಸುಗಳು 19ನೇ ಅಧ್ಯಾಯದಲ್ಲಿ ಸಾಯಬೇಕೆಂದು ಮಲಗಿದ ಪ್ರವಾದಿ ಎಲೀಯನಿಗೆ ದೂತ ಬಂದು ಮೊದಲು ಕೊಟ್ಟದ್ದು ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಮಾತುಕತೆ ಆಮೇಲೆ. ಹಿರಿಯರ ಬಾಯಿ ಕಟ್ಟಿಸಿದ್ದು ಈ ಅಧ್ಯಾಯವೇ.

ಊಟದ ವಿಷಯಕ್ಕೆ ಬಂದರೆ ನಮ್ಮ ತುಮಕೂರು, ಹಾಸನದ ಹುಡುಗರಿಗೆ ಒಂದು ಲಾಭವಿದೆ. ಅಲ್ಲಿನ ‘ಉಗಾಲಿ’ ಮೆಕ್ಕೆಜೋಳದ ಮುದ್ದೆಯೇ, ‘ಸುಕುಮಾ ವಿಕಿ’ ಸೊಪ್ಪಿನ ಪಲ್ಯ. ಮೂರು ದಿನ ಖುಷಿ, ಆಮೇಲೆ ಖಾರ ಹುಳಿ ಇಲ್ಲದೆ ನಾಲಿಗೆ ಸತ್ತಂತಾಗುತ್ತದೆ. ಎರಡನೇ ಸಲ ಐದು ಕೇಜಿ ಪುಳಿಯೋಗರೆ ಪುಡಿ, ಚಕ್ಕುಲಿ, ಉಪ್ಪಿನಕಾಯಿ ಹೊತ್ತುಕೊಂಡು ಹೋದೆವು. ಚಕ್ಕುಲಿಯನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ್ದು ತಪ್ಪಾಯಿತು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ಏರ್‌ಪೋರ್ಟಿನಲ್ಲೇ ಎಲ್ಲ ಬಿಚ್ಚಿ ಬಟ್ಟೆ ಚೀಲಕ್ಕೆ ಸುರಿಯಬೇಕಾಯಿತು. ಅದಕ್ಕಿಂತ ಮುಖ್ಯವಾಗಿ, ಆತಿಥ್ಯ ಕೊಟ್ಟ ಮನೆಯಲ್ಲಿ ಕೋಳಿ ಕೊಯ್ದು ಬಡಿಸುವಾಗ ನಾವು ಡಬ್ಬಿ ತೆಗೆದರೆ ಅವರ ಮುಖ ಸಪ್ಪಗಾಗುತ್ತಿತ್ತು.

ಪರಿಹಾರ ಅಲ್ಲಿನ ಸಂತೆಯಲ್ಲೇ ಇತ್ತು. ‘ವಿಂಬಿ’ ಅಂತ ಮಾರುವುದು ನಮ್ಮ ರಾಗಿಯೇ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡೇ ಅಲ್ಲವೇ. ಅವರು ಅದರಲ್ಲಿ ‘ಉಜಿ’ ಅಂತ ಸಿಹಿ ಗಂಜಿ ಮಾಡಿ ಕುಡಿಯುತ್ತಾರೆ. ಪ್ಯಾಕೆಟ್ಟಿನಲ್ಲಿ ‘ಮಾಲಾ’ ಅಂತ ಹುಳಿ ಹಾಲು ಸಿಗುತ್ತದೆ, ಗಟ್ಟಿ ಮಜ್ಜಿಗೆ ಅಂದುಕೊಳ್ಳಿ. ಇವೆರಡರಲ್ಲಿ ನಮ್ಮ ಅಂಬಲಿ ಮಾಡಿದೆವು: ಹನ್ನೆರಡು ಜನಕ್ಕೆ ಅಂದಾಜು 600 ಗ್ರಾಂ ಹಿಟ್ಟನ್ನು ಒಂದು ಲೀಟರ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನಾಲ್ಕು ಲೀಟರ್ ನೀರಿಗೆ ಸುರಿದು, ಹಸಿ ವಾಸನೆ ಹೋಗುವವರೆಗೆ ಹತ್ತು ಹನ್ನೆರಡು ನಿಮಿಷ ತಿರುವಿ, ಉಪ್ಪು ಹಾಕಿ ಆರಲು ಬಿಡುವುದು. ಪೂರ್ತಿ ತಣ್ಣಗಾದ ಮೇಲೆ ಎರಡು ಲೀಟರ್ ಮಾಲಾ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ. ಬಿಸಿಯಿರುವಾಗ ಹಾಕಿದರೆ ಒಡೆಯುತ್ತದೆ. ಹಿಟ್ಟು ಕೊಳ್ಳುವಾಗ ಬರೀ ವಿಂಬಿ ಅಂತ ಕೇಳಿ. ಉಜಿಗೆಂದು ಮರಗೆಣಸು, ಬಿಳಿಜೋಳ ಬೆರೆಸಿದ ಹಿಟ್ಟು ಬೇರೆ ಇದೆ, ಅದರಲ್ಲಿ ಅಂಬಲಿ ಲೋಳೆಯಾಗುತ್ತದೆ. ಅಂಬಲಿಯ ದಿನ ಅಡುಗೆಮನೆಯ ಹೆಂಗಸರೂ ಲೋಟ ಹಿಡಿದು ಬಂದು ಕೂತರು. ಡಬ್ಬಿ ಬಿಚ್ಚಿದಾಗ ಆಗುತ್ತಿದ್ದ ಮುಜುಗರ ಇಲ್ಲಿ ಆಗಲಿಲ್ಲ. ತಂಡದಲ್ಲಿದ್ದ ಇಬ್ಬರು ಮಂಗಳೂರಿನವರಿಗೆ ಮಾತ್ರ ಇದು ನಡೆಯಲಿಲ್ಲ. ಅವರಿಗೆ ಗಂಜಿ ಊಟವೇ ಆಗಬೇಕು, ಅಲ್ಲಿ ಕುಚಲಕ್ಕಿ ಸಿಗಲಿಲ್ಲ.

ಕಾಯುವಿಕೆಯೂ ಮನಸ್ಸನ್ನು ಮುರಿಯುತ್ತದೆ. ಸ್ವಾಹಿಲಿ ಗಡಿಯಾರ ಸೂರ್ಯೋದಯದಿಂದ ಎಣಿಸುತ್ತದೆ. ‘ಸಾ ತಾತು’ ಅಂದರೆ ಮೂರನೇ ಗಂಟೆ, ನಮ್ಮ ಬೆಳಿಗ್ಗೆ ಒಂಬತ್ತು. ಒಮ್ಮೆ ಮಧ್ಯಾಹ್ನ ಮೂರು ಅಂದುಕೊಂಡು ಒಂದು ಶಿಬಿರವನ್ನೇ ತಪ್ಪಿಸಿಕೊಂಡೆವು. ಸಮಯ ಸರಿಯಾಗಿ ತಿಳಿದಿದ್ದರೂ ಒಂಬತ್ತರ ಕೂಟ ಹನ್ನೊಂದಕ್ಕೆ ಶುರುವಾಗುವುದುಂಟು. ನಮ್ಮ ಬೇಸಿಗೆ ರಜೆಯ ಏಪ್ರಿಲ್ ಅಲ್ಲಿ ದೊಡ್ಡ ಮಳೆಯ ಕಾಲ, ಮಧ್ಯಾಹ್ನವಾದರೆ ಗುಡುಗು, ಕೆಂಪು ಕೆಸರು, ವ್ಯಾನ್ ಹೂತುಕೊಳ್ಳುತ್ತದೆ. ಸುಮ್ಮನೆ ಬೆಂಚಿನ ಮೇಲೆ ಎರಡು ಗಂಟೆ ಕೂತವನಿಗೆ ‘ನಾನು ಇಲ್ಲಿಗೆ ಯಾಕೆ ಬಂದೆ’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೇ ಕಾಯುವ ಹೊತ್ತಿಗೆ ಕೈಕೆಲಸ ಇಟ್ಟಿದ್ದೇವೆ: ನೀರು ಹೊರುವುದು, ಅವರೆಕಾಳಿನಂಥ ಬೀನ್ಸ್ ಆರಿಸುವುದು, ವಿಬಿಎಸ್‌ಗೆ ಬಣ್ಣದ ಕಾಗದ ಕತ್ತರಿಸುವುದು. ಆ ಕಾಗದ ಹೇಗೂ ಸಾಲುವುದಿಲ್ಲ. ಅಲ್ಲೂ ಏಪ್ರಿಲ್‌ನಲ್ಲಿ ಶಾಲೆಗೆ ರಜೆ. ಎಂಬತ್ತು ಮಕ್ಕಳು ಅಂದಲ್ಲಿ ಇನ್ನೂರು ಬರುತ್ತಾರೆ.

ಫೋನಿನದು ಮೂರು ಪ್ರಯೋಗ. ಪೂರ್ತಿ ಬಂದ್ ಮಾಡಿದ ಸಲ ಊರಲ್ಲಿ ತಾಯಂದಿರು ಗಾಬರಿಯಾಗಿ ಸಭಾಪಾಲಕರ ಮನೆ ಬಾಗಿಲು ತಟ್ಟಿದರು. ಪೂರ್ತಿ ಬಿಟ್ಟ ಸಲ ಪ್ರತಿ ರಾತ್ರಿ ವಿಡಿಯೋ ಕಾಲ್, ಅಳು, ಆಮೇಲೆ ನಿದ್ದೆ ಇಲ್ಲ. ಈಗ ಮೂರು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ, ಅಲ್ಲಿನ ಸಂಜೆ ಐದೂವರೆಗೆ, ಅಂದರೆ ಇಲ್ಲಿ ಎಂಟು. ಕಾಲ್ ಆದ ಕೂಡಲೇ ಊಟದ ತಯಾರಿ ಇರಬೇಕು, ಹಾಸಿಗೆ ಅಲ್ಲ. ಉಳಿದ ದಿನ ತಂದೆತಾಯಿಯರ ಗ್ರೂಪಿಗೆ ನನ್ನದೊಂದು ವಾಯ್ಸ್ ಮೆಸೇಜ್.

ತಂಡವನ್ನು ಇಬ್ಬಿಬ್ಬರಾಗಿ ಜೋಡಿ ಮಾಡುವ ಬಗ್ಗೆ ಒಂದು ಮಾತು: ಗೆಳೆಯರನ್ನು ಜೋಡಿ ಮಾಡಬೇಡಿ, ಒಬ್ಬ ಮುಳುಗಿದರೆ ಇನ್ನೊಬ್ಬನನ್ನೂ ಎಳೆದುಕೊಳ್ಳುತ್ತಾನೆ. ನಾನು ಯಾವ ಲೆಕ್ಕದಲ್ಲಿ ಜೋಡಿಸುತ್ತೇನೆ ಅನ್ನುವುದು ಮೊದಲ ತಯಾರಿ ಕೂಟದಲ್ಲಿ ಅವರು ಎಲ್ಲಿ ಕೂರುತ್ತಾರೆ ಅನ್ನುವುದರ ಮೇಲಿದೆ. ಅಷ್ಟು ಸಾಕು, ಉಳಿದದ್ದು ನನ್ನ ಬಳಿಯೇ ಇರಲಿ.

ಎಂಟನೇ ದಿನ ಮಧ್ಯಾಹ್ನದಿಂದ ಒಂಬತ್ತನೇ ದಿನ ಸಂಜೆಯವರೆಗೆ ರಜೆ. ಕಾರ್ಯಕ್ರಮ ಇಲ್ಲ, ಸಮವಸ್ತ್ರದ ಟೀ ಶರ್ಟ್ ಇಲ್ಲ. ಬಟ್ಟೆ ಒಗೆತ, ನಿದ್ದೆ, ಬೆಳಿಗ್ಗೆ ಕಾಕಮೆಗಾ ಕಾಡಿನಲ್ಲಿ ನಡಿಗೆ. ರಾತ್ರಿ ಬೈಬಲಿನ ಎಂಬತ್ತೆಂಟನೇ ಕೀರ್ತನೆ ಓದುತ್ತೇವೆ. ಕತ್ತಲಲ್ಲೇ ಮುಗಿಯುವ ಕೀರ್ತನೆ ಅದು, ಕೊನೆಗೊಂದು ಸ್ತೋತ್ರದ ಸಾಲೂ ಇಲ್ಲ. ಓದಿದ ಮೇಲೆ ಯಾರೂ ವಿವರಿಸುವ ಹಾಗಿಲ್ಲ. ಆಮೇಲೆ ಮಾಡುವ ಒಂದು ಕೆಲಸವನ್ನು ಇಲ್ಲಿ ಬರೆಯುವುದಿಲ್ಲ, ಮೊದಲೇ ಗೊತ್ತಾದರೆ ಅದು ನಡೆಯುವುದಿಲ್ಲ.

ಹಿರಿಯರಿಗೆ ಉರಿದದ್ದು ಈ ರಜೆಯೇ. ‘ಜನರ ಕಾಣಿಕೆ ದುಡ್ಡಲ್ಲಿ ಕಾಡು ನೋಡಕ್ಕೆ ಹೋಗ್ತೀರಾ?’ ಅಂದರು. ಲೆಕ್ಕ ಹೀಗಿದೆ. ತಲೆಗೆ ಒಟ್ಟು ಖರ್ಚು ಒಂದು ಲಕ್ಷದ ಹತ್ತಿರ, ಅರ್ಧ ವಿಮಾನದ್ದೇ. ರಜೆಯ ವ್ಯಾನು, ಅಂಬಲಿ, ಸಿಮ್ಮು, ವಾಪಸ್ ಬರುವಾಗ ನೈರೋಬಿಯಲ್ಲಿ ಒಂದು ರಾತ್ರಿ ಎಲ್ಲ ಸೇರಿ ತಲೆಗೆ ಐದೂವರೆ ಸಾವಿರ, ಹನ್ನೆರಡು ಜನಕ್ಕೆ 66 ಸಾವಿರ. ಮೂರನೇ ಸಲ ಮಧ್ಯದಲ್ಲಿ ಒಬ್ಬರನ್ನು ಜೊತೆಗಾರರೊಂದಿಗೆ ವಾಪಸ್ ಕಳಿಸಿದ್ದಕ್ಕೇ 70 ಸಾವಿರ ದಾಟಿತ್ತು. ಚರ್ಚಿನ ಕೊಯ್ಲಿನ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ, ಹುಂಜ ಕೂಗಿ ಕೂಗಿ ಕೂಡಿಸಿದ ದುಡ್ಡು ಅದು.

ಕೊನೆಯ ಎರಡು ದಿನ ಬ್ರೇಕ್ ಹಾಕುವ ದಿನ. ಮಕ್ಕಳು ಕುತ್ತಿಗೆಗೆ ಜೋತುಬೀಳುತ್ತಾರೆ, ನಮ್ಮವರು ಅಳುತ್ತಾ ‘ನಿನ್ನನ್ನು ನಾನು ಓದಿಸ್ತೀನಿ’ ಅಂದುಬಿಡುತ್ತಾರೆ. ಊರಿಗೆ ಬಂದ ಮೇಲೆ ಇಎಂಐ ಕಟ್ಟುವವನು ಯಾರನ್ನು ಓದಿಸುತ್ತಾನೆ? ಆ ಮಗು ಮಾತ್ರ ಕಾಯುತ್ತದೆ. ಹಾಗಾಗಿ ಯಾವ ಮಾತೂ ಕೊಡುವ ಹಾಗಿಲ್ಲ, ಮಕ್ಕಳ ಜೊತೆ ನಂಬರ್ ವಿನಿಮಯ ಇಲ್ಲ, ಮಗುವಿನ ಜೊತೆ ಒಬ್ಬರೇ ಇರುವ ಹಾಗಿಲ್ಲ. ಕೊಡುವುದೆಲ್ಲ ಒಂದೇ ಲಕೋಟೆಯಲ್ಲಿ ಪಾಸ್ಟರ ಕೈಗೆ. ಮಿಠಾಯಿ ಎಸೆದು ನೂಕುನುಗ್ಗಲಾದ ಒಂದು ಸಲ ಸಾಕು; ಈಗ ಅಲ್ಲಿನ ಪೇಟೆಯಲ್ಲೇ ಎಂಟು ಫುಟ್‌ಬಾಲ್ ಕೊಂಡು ಬಿಟ್ಟುಬರುತ್ತೇವೆ. ವಿದಾಯ ಕೂಟ ಹೊರಡುವ ಹಿಂದಿನ ದಿನ ಮಧ್ಯಾಹ್ನ, ಒಂದು ಗಂಟೆ.

ವಾಪಸ್ ಬಂದ ಮೇಲಿನ ಕುಸಿತಕ್ಕೆ ಕಾರಣ ನಮ್ಮ ಸಭೆಯದೇ ಒಂದು ಪದ್ಧತಿ. ಬಂದ ಮೊದಲ ಭಾನುವಾರವೇ ಮೈಕ್ ಕೊಟ್ಟು ಸಾಕ್ಷಿ ಹೇಳಿಸುವುದು, ಅಂದರೆ ದೇವರು ಅಲ್ಲಿ ಏನು ಮಾಡಿದ ಅಂತ ಸಭೆಯ ಮುಂದೆ ಹೇಳಿಸುವುದು. ಹುಡುಗರು ಏರಿದ ಎತ್ತರದಲ್ಲೇ ಇರುತ್ತಾರೆ, ಬಾಯಿಗೆ ಬಂದದ್ದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಮುಂದಿನ ವಾರ ಮನಸ್ಸು ನೆಲಕ್ಕೆ ಬಿದ್ದಾಗ ತಾವು ಹೇಳಿದ ಮಾತಿಗೇ ಹೆದರಿ ಆರಾಧನೆಗೆ ಬರುವುದಿಲ್ಲ. ‘ಎಷ್ಟು ಜನ ರಕ್ಷಣೆ ಹೊಂದಿದರು?’, ಅಂದರೆ ಎಷ್ಟು ಜನ ಯೇಸುವನ್ನು ನಂಬಿದರು ಅಂತ ಗೇಟಿನ ಹತ್ತಿರ ಕೇಳುವವರೂ ಇರುತ್ತಾರೆ.

ಈಗಿನ ನಿಯಮ: ಮಾತ್ರೆ ಮುಗಿಯುವವರೆಗೆ ಸಾಕ್ಷಿ ಇಲ್ಲ. 28 ದಿನ. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಹನ್ನೆರಡು ಜನವೂ ಹಿಂದಿನ ಕೋಣೆಯಲ್ಲಿ ಸೇರಿ, ಸ್ಟ್ರಿಪ್ ತೋರಿಸಿ, ಅದೇ ಉದ್ದ ಪುಸ್ತಕದಲ್ಲಿ ಮೂರು ಅಂಕೆ ಬರೆದು ಟೀ ಕುಡಿದು ಹೋಗುವುದು. ಮಾತ್ರೆ ತಪ್ಪಿಸುವುದೂ ನಿಂತಿತು, ಜನ ತಪ್ಪಿಸುವುದೂ ನಿಂತಿತು. ಜ್ವರ ಬಂದರೆ ಆಫ್ರಿಕಾಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲು ಹೇಳಿ ರಕ್ತ ಪರೀಕ್ಷೆ ಮಾಡಿಸಬೇಕು, ಮಾತ್ರೆ ಮುಗಿದು ತಿಂಗಳುಗಳಾಗಿದ್ದರೂ. ಈ ಸಲ ಎರಡನೇ ಭಾನುವಾರ ಪುಸ್ತಕದಲ್ಲಿ ಮನಸ್ಸಿಗೆ ಮೂರು, ನಾಲ್ಕು, ಒಂದು ಕಡೆ ಎರಡು ಅಂತ ಬಿದ್ದಿತ್ತು. ನಾಲ್ಕು ಟ್ರಿಪ್ಪಿನಲ್ಲಿ ಎಂಟಕ್ಕಿಂತ ಕೆಳಗಿನ ಅಂಕೆಗಳನ್ನು ಅಷ್ಟು ಜನ ಬರೆದದ್ದು ಅದೇ ಮೊದಲು.