ಹಾರೋಹಳ್ಳಿ ಕಡೆಯ ಡೈಕ್‌ಗಳು: ನಾನು ಕಲ್ಲು ಆರಿಸುವ ರೀತಿ

ಬಿಡದಿ, ಹಾರೋಹಳ್ಳಿ ಸುತ್ತ ಡೈಕ್ ಹುಡುಕಬೇಕಾದಾಗ ನಾನು ಮೊದಲು ಉಪಗ್ರಹ ಚಿತ್ರ ನೋಡುತ್ತೇನೆ. ಬೂದು ಗ್ನೈಸ್ (ಪಟ್ಟೆಪಟ್ಟೆಯ ಹಳೆಯ ಬಂಡೆ) ನೆಲವನ್ನು ಪೂರ್ವ-ಪಶ್ಚಿಮವಾಗಿ ಸೀಳಿಕೊಂಡು ಹೋಗುವ ಕಪ್ಪು ಗೆರೆ ಕಂಡರೆ ಅದು ಡೈಕ್ ಇರಬಹುದು. ಕೆಳಗಿಂದ ಬಂದ ಮ್ಯಾಗ್ಮಾ ಬಿರುಕಿಗೆ ನುಗ್ಗಿ ಗಟ್ಟಿಯಾದ ಗೋಡೆ ಅದು. ಊರಿಗೆ ಹೋದ ಮೇಲೆ ಡೈಕ್ ಅಂತ ಕೇಳಿ ಪ್ರಯೋಜನವಿಲ್ಲ. "ಅಣ್ಣಾ, ಕರಿಕಲ್ಲು ಕ್ವಾರಿ ಎಲ್ಲಿದೆ?" ಅಂದರೆ ದನ ಮೇಯಿಸುವವರೂ ದಾರಿ ತೋರಿಸುತ್ತಾರೆ. (ಅಡುಗೆಮನೆ ಕಟ್ಟೆಗೆ ಬ್ಲ್ಯಾಕ್ ಗ್ರಾನೈಟ್ ಅಂತ ಮಾರುವ ಕಲ್ಲಿನಲ್ಲಿ ಬಹಳಷ್ಟು ಡೈಕ್‌ನ ಈ ಕಪ್ಪು ಕಲ್ಲೇ, ಅಂದರೆ ಡಾಲರೈಟೇ, ಗ್ರಾನೈಟ್ ಅಲ್ಲವೇ ಅಲ್ಲ.)

ಅಂಚು ಸಿಗುವ ತನಕ ನಾನು ಸುತ್ತಿಗೆ ಎತ್ತುವುದಿಲ್ಲ. ತಣ್ಣಗಿದ್ದ ಗ್ನೈಸ್‌ಗೆ ತಾಗಿ ಮ್ಯಾಗ್ಮಾ ಬೇಗ ಆರಿರುತ್ತದೆ, ಅದಕ್ಕೇ ಅಂಚಿನ ಕಲ್ಲಿನಲ್ಲಿ ಲೆನ್ಸ್ ಇಟ್ಟರೂ ಹರಳು ಕಾಣುವುದು ಕಷ್ಟ. ನಡುವಿನ ಕಡೆ ನಡೆಯುತ್ತಾ ಹೋದರೆ ಬಿಳಿ ಕಡ್ಡಿಯಂಥ ಪ್ಲೇಜಿಯೋಕ್ಲೇಸ್, ಅದರ ಸಂದಿಯಲ್ಲಿ ಕಪ್ಪು ಪೈರಾಕ್ಸೀನ್ ಎಂಬ ಖನಿಜಗಳು ಬರಿಗಣ್ಣಿಗೇ ಸಿಗುತ್ತವೆ.

ವಯಸ್ಸು ಬೇಕಾ? ಈ ದಪ್ಪ ಹರಳಿನ ನಡುಭಾಗದಿಂದಲೇ ತೆಗೆಯಿರಿ. ನಿಧಾನವಾಗಿ ತಣಿದ ಜಾಗದಲ್ಲೇ ಬ್ಯಾಡಲಿಯೈಟ್ ಎಂಬ, ವಯಸ್ಸು ಹೇಳುವ ಖನಿಜ ಸಿಗುವ ಸಾಧ್ಯತೆ ಜಾಸ್ತಿ. ಕಂದು ಬಣ್ಣದ, ಕೂದಲೆಳೆಯಷ್ಟೂ ಅಗಲವಿಲ್ಲದ ಹರಳು. ಕಲ್ಲು ಪುಡಿ ಮಾಡಿ, ನೀರಿನಲ್ಲಿ ಜಾಲಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಆರಿಸಬೇಕು, ಕುತ್ತಿಗೆ ಹಿಡಿದುಕೊಳ್ಳುತ್ತದೆ. ಅದರೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ, ಆ ಯುರೇನಿಯಂ-ಸೀಸದ ಲೆಕ್ಕದಿಂದಲೇ ಹಾರೋಹಳ್ಳಿ ಡೈಕ್‌ಗೆ ಸುಮಾರು 237 ಕೋಟಿ ವರ್ಷ ಅಂತ ಗೊತ್ತಾಗಿದ್ದು. ಅತ್ತ ಆಂಧ್ರದ ಪೆನುಕೊಂಡದ ಡೈಕ್‌ಗೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಹೀಗೆ ವಯಸ್ಸು ಹೊಂದಿದಾಗಲೇ ಅವನ್ನು ಒಂದೇ ಸಮೂಹ ಅನ್ನಲು ಧೈರ್ಯ ಬರುವುದು, ಸುಮ್ನೆ ದಿಕ್ಕು ಒಂದೇ ಇದೆ ಅಂತ ಸೇರಿಸಿದರೆ ಬೇರೆ ಕಾಲದ ಡೈಕ್‌ಗಳೂ ಒಳಗೆ ಬಂದುಬಿಡುತ್ತವೆ.

ಮ್ಯಾಗ್ಮಾ ತಣಿಯುವಾಗ ಆಗಿನ ಭೂಕಾಂತದ ದಿಕ್ಕು ಕಲ್ಲಿನಲ್ಲಿ ಅಚ್ಚಾಗಿ ಉಳಿಯುತ್ತದೆ. ಈ ಕಾಂತೀಯತೆಗೆ ಮಾತ್ರ ಅಂಚೇ ನನಗಿಷ್ಟ, ಸಣ್ಣ ಹರಳುಗಳು ಆ ಹಳೆಯ ದಿಕ್ಕನ್ನು ಚೆನ್ನಾಗಿ ಹಿಡಿದಿಟ್ಟಿರುತ್ತವೆ. ಕೋರ್ (ಕಲ್ಲು ಕೊರೆದು ತೆಗೆಯುವ ಕಡ್ಡಿಯಂಥ ತುಂಡು) ತೆಗೆಯುವಾಗ ಗುಡ್ಡದ ನೆತ್ತಿ ಬೇಡ. ಅಲ್ಲಿ ಸಿಡಿಲು ಬಡಿದು ಕಲ್ಲಿನ ಕಾಂತೀಯತೆಯೇ ಕೆಟ್ಟಿರುತ್ತದೆ, ದಿಕ್ಸೂಚಿ ಮುಳ್ಳೂ ಹುಚ್ಚುಹುಚ್ಚಾಗಿ ತಿರುಗುತ್ತದೆ. ಕ್ವಾರಿಯ ತಳ ಅಥವಾ ಹಳ್ಳದ ಕೊರಕಲು ವಾಸಿ. ಕರಿಕಲ್ಲಿನ ಮೇಲೆ ದಿಕ್ಸೂಚಿಯೊಂದನ್ನೇ ನಂಬದೆ ಬಿಸಿಲಿದ್ದಾಗ ಸೂರ್ಯನ ನೆರಳಿನಿಂದಲೂ ದಿಕ್ಕು ಗುರುತು ಹಾಕುತ್ತೇನೆ.

ಕೊನೆಗೆ ಪಕ್ಕದ ಗ್ನೈಸ್‌ನಿಂದಲೂ ಕೋರ್ ತೆಗೆಯುತ್ತೇನೆ, ಡೈಕ್‌ಗೆ ಅಂಟಿಕೊಂಡಂತೆ ಒಂದಿಷ್ಟು, ದೂರದಲ್ಲಿ ಒಂದಿಷ್ಟು. ಶಾಖಕ್ಕೆ ಬೆಂದ ಗ್ನೈಸ್‌ನಲ್ಲಿ ಡೈಕ್‌ನದೇ ದಿಕ್ಕು, ದೂರದ್ದರಲ್ಲಿ ಬೇರೆ ದಿಕ್ಕು ಬಂದರೆ ಡೈಕ್‌ನ ಕಾಂತೀಯತೆ ಅದು ಹುಟ್ಟಿದ ಕಾಲದ್ದೇ. ಈ ಸಮೂಹದಲ್ಲಿ ಆ ದಿಕ್ಕು ತುಂಬಾ ಕಡಿದಾಗಿದೆ, ಭೂಕಾಂತ ಹಾಗೆ ಕಡಿದಾಗಿರುವುದು ಧ್ರುವದ ಬಳಿ. ಅಂದರೆ ನಮ್ಮ ಈ ನೆಲ ಆಗ ಧ್ರುವದ ಹತ್ತಿರ ಎಲ್ಲೋ ಇತ್ತು!